ಕೀಬೋರ್ಡಿಗೆ ತಂತಿ ಜೋಡಿಸಿದ ಎಲಿಷಾ ಗ್ರೇ

ವಕ್ಕಲೇರಿಯಂಥ ಊರಿಗೆ ಹಬ್ಬದ ದಿನ ಆರ್ಕೆಸ್ಟ್ರಾದವರು ಬಂದರೆ ಮಕ್ಕಳೆಲ್ಲ ಸಂಜೆಯೇ ವೇದಿಕೆಯ ಬಳಿ ಸೇರಿಬಿಡುತ್ತಾರೆ. ಹಾಡು ಶುರುವಾಗುವುದು ರಾತ್ರಿ. ಅದಕ್ಕೂ ಮೊದಲು ನಡೆಯುವ ಕೆಲಸವೇ ನೋಡಲು ಸೊಗಸು. ಕೀಬೋರ್ಡ್ ನುಡಿಸುವವರು ವಾದ್ಯವನ್ನು ಸ್ಟ್ಯಾಂಡಿನ ಮೇಲಿಟ್ಟು ಅದರ ಹಿಂಬದಿಯ ತೂತುಗಳಿಗೆ ಒಂದೊಂದೇ ವೈರು ಸಿಕ್ಕಿಸುತ್ತಾರೆ. ಒಂದು ವೈರು ಮಿಕ್ಸರಿಗೆ ಹೋಗುತ್ತದೆ. ಅಲ್ಲಿಂದ ಆಂಪ್ಲಿಫೈಯರಿಗೆ, ಕೊನೆಗೆ ಸ್ಪೀಕರಿಗೆ. ಇನ್ನೊಂದು ವೈರು ಕಾಲಡಿಯ ಪೆಡಲಿಗೆ. ಇಷ್ಟೆಲ್ಲ ಯಾಕೆ ಬೇಕು? ಹಾರ್ಮೋನಿಯಂಗೆ ಒಂದು ವೈರೂ ಬೇಡವಲ್ಲ!

ಹಾರ್ಮೋನಿಯಂನ ತಿದಿ ಒತ್ತಿದಾಗ ಗಾಳಿ ನುಗ್ಗಿ ಒಳಗಿನ ಲೋಹದ ಪಟ್ಟಿ ಕಂಪಿಸುತ್ತದೆ. ಸದ್ದು ಅಲ್ಲೇ ಹುಟ್ಟಿ ಅಲ್ಲಿಂದಲೇ ನಮ್ಮ ಕಿವಿಗೆ ಬರುತ್ತದೆ. ಕೀಬೋರ್ಡಿನ ವೈರಿನಲ್ಲಿ ಹರಿಯುವುದು ಸದ್ದಲ್ಲ, ಸ್ವರಕ್ಕೆ ತಕ್ಕಂತೆ ಏರಿಳಿಯುವ ವಿದ್ಯುತ್ತು. ಅದನ್ನು ಮತ್ತೆ ಸದ್ದಾಗಿಸಲು ಆಚೆ ತುದಿಯಲ್ಲಿ ಇನ್ನೊಂದು ಉಪಕರಣ ಬೇಕು. ಕೀಲಿಗಳನ್ನು ಒತ್ತಿ, ವಿದ್ಯುತ್ತಿನಿಂದ ಸ್ವರ ಹುಟ್ಟಿಸಿ, ತಂತಿಯ ಮೂಲಕ ಬೇರೆಡೆ ಕೇಳಿಸಿದ ಮೊದಲಿಗರಲ್ಲಿ ಪ್ರಮುಖರು ಅಮೆರಿಕದ ಎಲಿಷಾ ಗ್ರೇ. ಇದು ನಡೆದದ್ದು 1874ರಲ್ಲಿ.

ಎಲಿಷಾ ಹುಟ್ಟಿದ್ದು 1835ರ ಆಗಸ್ಟ್ 2ರಂದು, ಒಹಾಯೊ ರಾಜ್ಯದ ಬಾರ್ನ್ಸ್‌ವಿಲ್ ಎಂಬಲ್ಲಿ. ಮನೆಯವರು ಬೇಸಾಯಗಾರರು. ಹುಡುಗ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಶಾಲೆ ಅರ್ಧಕ್ಕೇ ನಿಂತಿತು. ಕಮ್ಮಾರರ ಬಳಿ ಕೆಲಸ ಕಲಿತ, ಬಳಿಕ ಬಡಗಿಯಾದ. ಓದುವ ಆಸೆ ಮಾತ್ರ ಬಿಡಲಿಲ್ಲ. ದೊಡ್ಡವನಾದ ಮೇಲೆ ಓಬರ್ಲಿನ್ ಕಾಲೇಜಿಗೆ ಸೇರಿ, ಬಡಗಿ ಕೆಲಸದಿಂದಲೇ ಖರ್ಚು ತೂಗಿಸಿಕೊಂಡು ವಿದ್ಯುತ್ತಿನ ಬಗ್ಗೆ ಕಲಿತ. ಪದವಿ ಪಡೆಯಲಾಗಲಿಲ್ಲ. ಆದರೆ ಉಳಿ, ಸುತ್ತಿಗೆ ಹಿಡಿದು ಪಳಗಿದ ಕೈ ಮುಂದೆ ಬಹಳ ಉಪಯೋಗಕ್ಕೆ ಬಂತು.

ಆ ಕಾಲದಲ್ಲಿ ದೂರದೂರಿಗೆ ಬೇಗ ಸುದ್ದಿ ಕಳಿಸಲು ಟೆಲಿಗ್ರಾಫ್ ಇತ್ತು. ನಮ್ಮ ದೇಶದಲ್ಲಿ 2013ರಲ್ಲಿ ನಿಂತುಹೋದ ಟೆಲಿಗ್ರಾಂ ಸೇವೆಯನ್ನು ನಿಮ್ಮ ಅಜ್ಜ ಅಜ್ಜಿ ಬಲ್ಲರು. ಗ್ರೇ ಅವರು 1867ರಲ್ಲಿ ಟೆಲಿಗ್ರಾಫ್ ಉಪಕರಣವೊಂದಕ್ಕೆ ಮೊದಲ ಪೇಟೆಂಟ್ ಪಡೆದರು. 1869ರಲ್ಲಿ ಎನಾಸ್ ಬಾರ್ಟನ್ ಎಂಬುವರ ಜೊತೆ ಉಪಕರಣ ತಯಾರಿಸುವ ಅಂಗಡಿ ಹೂಡಿದರು. ಅದೇ 1872ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಎಂಬ ಕಂಪನಿಯಾಯಿತು. ಈ ಹೆಸರನ್ನು ನೆನಪಿಡಿ, ಮತ್ತೆ ಬರುತ್ತದೆ.

ಈಗ ಸ್ನಾನದ ತೊಟ್ಟಿಯ ಕಥೆ. 1874ರ ಆರಂಭದಲ್ಲಿ ಒಂದು ದಿನ ಗ್ರೇ ಅವರ ಸೋದರಳಿಯ ಅವರ ಉಪಕರಣಗಳ ಜೊತೆ ಆಟವಾಡುತ್ತಿದ್ದ. ಬ್ಯಾಟರಿಗೆ ಜೋಡಿಸಿದ ಸುರುಳಿಯೊಂದರ ಒಂದು ತಂತಿಯನ್ನು ತೊಟ್ಟಿಯ ಸತುವಿನ ತಗಡಿಗೆ ಸಿಕ್ಕಿಸಿದ್ದ. ಇನ್ನೊಂದು ತಂತಿ ಅವನ ಕೈಯಲ್ಲಿತ್ತು. ಸಣ್ಣ ಷಾಕ್ ಹೊಡೆಸಿಕೊಂಡು ಪುಟ್ಟ ಮಕ್ಕಳನ್ನು ನಗಿಸುತ್ತಿದ್ದ. ಅವನು ಬಿಡುವಿದ್ದ ಕೈಯನ್ನು ತಗಡಿನ ಮೇಲೆ ಉಜ್ಜಿದಾಗ ತೊಟ್ಟಿ ಗುಂಯ್‌ಗುಟ್ಟಿತು! ಗ್ರೇ ಕಿವಿಗೊಟ್ಟು ಕೇಳಿದರು. ಸುರುಳಿಗೆ ಜೋಡಿಸಿದ್ದ ಕಂಪಿಸುವ ಪಟ್ಟಿಯ ಶ್ರುತಿ, ತೊಟ್ಟಿಯ ಶ್ರುತಿ ಎರಡೂ ಒಂದೇ. ಪಟ್ಟಿಯ ವೇಗ ಬದಲಿಸಿದರೆ ತೊಟ್ಟಿಯ ಸ್ವರವೂ ಬದಲಾಗುತ್ತಿತ್ತು. ಅಂದರೆ ಸ್ವರವೊಂದು ತಂತಿಯಲ್ಲಿ ಪ್ರಯಾಣ ಮಾಡಿತ್ತು. (ಆ ಹುಡುಗ ಮಾಡಿದ್ದನ್ನು ನೀವು ಮಾಡಬೇಡಿ. ಮನೆಯ ವಿದ್ಯುತ್ತು ನಗಿಸುವುದಿಲ್ಲ, ಕೊಲ್ಲುತ್ತದೆ.)

ಬೇರೆಯವರಾಗಿದ್ದರೆ ಹುಡುಗನನ್ನು ಗದರಿಸಿ ಸುಮ್ಮನಾಗುತ್ತಿದ್ದರೇನೋ. ಗ್ರೇ ಸುಮ್ಮನಾಗಲಿಲ್ಲ. ಅದೇ ವರ್ಷ ಕಂಪನಿಯ ಕೆಲಸ ಬಿಟ್ಟು ಪ್ರಯೋಗಕ್ಕೆ ಕುಳಿತರು.

ಅವರು ಮಾಡಿದ ವಾದ್ಯವನ್ನು ಅರಿಯಲು ಶಾಲೆಯ ವಿದ್ಯುತ್ ಗಂಟೆಯನ್ನು ನೆನಪಿಸಿಕೊಳ್ಳಿ. ಗುಂಡಿ ಒತ್ತಿದರೆ ವಿದ್ಯುತ್ಕಾಂತವು ಕಬ್ಬಿಣದ ಪಟ್ಟಿಯನ್ನು ಎಳೆಯುತ್ತದೆ. ಎಳೆದೊಡನೆ ಮಂಡಲ ಕಡಿದುಹೋಗುತ್ತದೆ. ಕಾಂತಶಕ್ತಿ ಇಲ್ಲವಾಗಿ ಪಟ್ಟಿ ಹಿಂದಕ್ಕೆ ಬರುತ್ತದೆ. ಮಂಡಲ ಮತ್ತೆ ಕೂಡುತ್ತದೆ, ಮತ್ತೆ ಸೆಳೆತ. ಗ್ರೇ ಅವರ ವಾದ್ಯದಲ್ಲಿ ಪ್ರತಿ ಕೀಲಿಗೂ ಹೀಗೆ ಒಂದೊಂದು ಉಕ್ಕಿನ ಪಟ್ಟಿ ಇತ್ತು. ಚಿಕ್ಕ ಪಟ್ಟಿ ಸೆಕೆಂಡಿಗೆ ಹೆಚ್ಚು ಸಲ ಕಂಪಿಸುತ್ತದೆ, ಉದ್ದನೆಯದು ಕಡಿಮೆ ಸಲ. ಪಟ್ಟಿ ಎಷ್ಟು ಸಲ ಕಂಪಿಸಿತೋ ಅಷ್ಟು ಸಲ ತಂತಿಯಲ್ಲಿ ವಿದ್ಯುತ್ತು ಮಿಡಿಯುತ್ತದೆ. ಆಚೆ ತುದಿಯ ವಿದ್ಯುತ್ಕಾಂತವೂ ಅದೇ ಲೆಕ್ಕದಲ್ಲಿ ಲೋಹವನ್ನು ಅಲುಗಿಸುತ್ತದೆ. ಇಂಥ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಎರಡು ಸ್ಥಾಯಿಗಳ ವಾದ್ಯವನ್ನು ಗ್ರೇ ಸಿದ್ಧಪಡಿಸಿದರು.

ಅವರಿಗೆ ಒಂದು ತೊಡಕಿತ್ತು. ಆಗ ಆಂಪ್ಲಿಫೈಯರೇ ಇರಲಿಲ್ಲ. ಅದಕ್ಕೆ ಬೇಕಾದ ನಿರ್ವಾತ ನಳಿಕೆಗಳು ಬಂದದ್ದು 20ನೇ ಶತಮಾನದಲ್ಲಿ. ಗೋಡೆಯ ಪ್ಲಗ್ಗೂ ಇಲ್ಲ, ಬ್ಯಾಟರಿಯೇ ಗತಿ. ತಂತಿಯಲ್ಲಿ ಬಂದ ಕ್ಷೀಣ ಮಿಡಿತವನ್ನು ಸಭೆಗೆ ಕೇಳಿಸುವುದು ಹೇಗೆ? ಗ್ರೇ ಅವರು ಮುಖ ತೊಳೆಯುವ ಲೋಹದ ಬೋಗುಣಿಯನ್ನೇ ವಿದ್ಯುತ್ಕಾಂತದ ಮುಂದೆ ನಿಲ್ಲಿಸಿದರು! ಪಿಟೀಲಿಗೆ ಲೋಹದ ತಗಡು ಅಂಟಿಸಿಯೂ ನೋಡಿದರು. ಅಗಲವಾದ ವಸ್ತು ಅಲುಗಿದರೆ ಹೆಚ್ಚು ಗಾಳಿ ಅಲುಗುತ್ತದೆ, ಸದ್ದು ದೊಡ್ಡದಾಗುತ್ತದೆ. ಇಂದಿನ ಸ್ಪೀಕರಿನ ಕಾಗದದ ಕೋನ್ ಮಾಡುವುದೂ ಇದನ್ನೇ.

1874ರ ಡಿಸೆಂಬರ್ 29ರಂದು ಹೈಲೆಂಡ್ ಪಾರ್ಕ್ ಊರಿನ ಚರ್ಚಿನಲ್ಲಿ ಜನ ಈ ಸಂಗೀತ ಕೇಳಿದರು. 1877ರ ಏಪ್ರಿಲ್ 2ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ್ದು ನ್ಯೂಯಾರ್ಕಿನ ಸಭಾಂಗಣದಲ್ಲಿ ಕೇಳಿಸಿತು. ಎರಡೂ ಊರುಗಳ ನಡುವೆ ಸುಮಾರು 150 ಕಿಲೋಮೀಟರ್. ಕೋಲಾರದಿಂದ ಬೆಂಗಳೂರಿಗೆ ಇರುವ ದೂರದ ಎರಡರಷ್ಟು ಎನ್ನಿ.

ಇಂದಿನ ಕೀಬೋರ್ಡಿನ ಜೋಡಣೆಯೂ ಮೂಲದಲ್ಲಿ ಹೀಗೆಯೇ. ಸ್ವರ ಹುಟ್ಟುವ ಕಡೆ ಒಂದು ಪೆಟ್ಟಿಗೆ, ಕೇಳಿಸುವ ಕಡೆ ಇನ್ನೊಂದು, ನಡುವೆ ತಂತಿ. ಪೆಡಲಿನಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಸ್ವರವನ್ನು ಹೆಚ್ಚು ಹೊತ್ತು ಉಳಿಸುವ ಪೆಡಲಿನ ವೈರಿನಲ್ಲಿ ಸಂಗೀತ ಹರಿಯುವುದಿಲ್ಲ. ಅದು ಬರೀ ಸ್ವಿಚ್ಚು. ಅದನ್ನು ತುಳಿದಾಗ, ಸ್ವರವನ್ನು ಬಿಡಬೇಡ ಎಂದು ಕೀಬೋರ್ಡಿಗೆ ತಿಳಿಯುತ್ತದೆ, ಅಷ್ಟೆ. ಅದಕ್ಕೇ ಅದರ ತೂತು ಬೇರೆ. ಸದ್ದನ್ನು ಏರಿಳಿಸುವ ಅಥವಾ ಮಾರ್ದನಿ ಸೇರಿಸುವ ಪೆಡಲುಗಳಲ್ಲಿ ಕೆಲವು ಸಂಗೀತದ ದಾರಿಯ ನಡುವೆಯೇ ಕೂರುತ್ತವೆ. ಕೀಬೋರ್ಡಿನಿಂದ ಹೊರಟ ವೈರು ಅಂಥ ಪೆಡಲಿನ ಒಳಗೆ ಹೋಗಿ, ಹೊರಗೆ ಬಂದು, ಮುಂದೆ ಮಿಕ್ಸರ್ ಸೇರುತ್ತದೆ. ಒಳಹೊರಗು ಅದಲುಬದಲಾದರೆ ಸಾಮಾನ್ಯವಾಗಿ ಸದ್ದೇ ಬಾರದು. ಬಲ್ಲವರು ವೈರುಗಳನ್ನೆಲ್ಲ ಸಿಕ್ಕಿಸಿದ ಮೇಲೆಯೇ, ಎಲ್ಲಕ್ಕೂ ಕೊನೆಯಲ್ಲಿ ಆಂಪ್ಲಿಫೈಯರ್ ಹಾಕುತ್ತಾರೆ. ಇಲ್ಲದಿದ್ದರೆ ಸ್ಪೀಕರ್ ಢಂ ಎನ್ನುತ್ತದೆ!

ಗ್ರೇ ಅವರ ಕಥೆಗೆ ಬರೋಣ. ಅವರ ಗುರಿ ಸಂಗೀತವಷ್ಟೇ ಆಗಿರಲಿಲ್ಲ. ಒಂದೇ ತಂತಿಯಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಕಳಿಸಿ, ಒಂದೊಂದು ಸ್ವರಕ್ಕೆ ಒಂದೊಂದು ಟೆಲಿಗ್ರಾಂ ಹೊರಿಸುವುದು ಅವರ ಯೋಚನೆ. ಮಾತನ್ನೂ ಕಳಿಸಬಹುದೆಂದು ಅವರಿಗೆ ಹೊಳೆದಿತ್ತು. ಆದರೆ ಅವರಿಗೆ ಹಣ ಕೊಡುತ್ತಿದ್ದ ಸ್ಯಾಮುಯೆಲ್ ವೈಟ್ ಎಂಬ ವ್ಯಾಪಾರಿಗೆ ಅದು ಬೇಡವಾಗಿತ್ತು. ಟೆಲಿಗ್ರಾಫಿನಲ್ಲೇ ಲಾಭವೆಂದು ಎಲ್ಲರೂ ನಂಬಿದ್ದ ಕಾಲ.

1876ರ ಫೆಬ್ರವರಿ 14. ಮಾತನ್ನು ತಂತಿಯಲ್ಲಿ ಕಳಿಸುವ ಉಪಕರಣದ ಬಗ್ಗೆ ಗ್ರೇ ಅವರ ಮುನ್ಸೂಚನಾ ಪತ್ರ ಪೇಟೆಂಟ್ ಕಚೇರಿ ಸೇರಿತು. ಅದೇ ದಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಅರ್ಜಿಯೂ ಅಲ್ಲಿಗೆ ಬಂತು! ಮಾರ್ಚ್ 7ರಂದು ಪೇಟೆಂಟ್ ಬೆಲ್ ಅವರಿಗೆ ದೊರೆಯಿತು. ಮೂರು ದಿನಗಳ ಬಳಿಕ ಬೆಲ್ ಮೊದಲ ಬಾರಿಗೆ ಸ್ಪಷ್ಟವಾಗಿ ಮಾತು ಕೇಳಿಸಿದರು. ಆಗ ಅವರು ಬಳಸಿದ್ದು ದ್ರವದಲ್ಲಿ ತಂತಿ ಅದ್ದಿದ ಉಪಕರಣ. ಗ್ರೇ ಅವರ ಪತ್ರದಲ್ಲಿದ್ದ ಉಪಕರಣವೂ ಅಂಥದ್ದೇ. ಯಾರು ಮೊದಲು ಎಂಬ ವಾದ ಕೋರ್ಟಿನವರೆಗೆ ಹೋಯಿತು. ಪೇಟೆಂಟ್ ಬೆಲ್ ಅವರಿಗೇ ಉಳಿಯಿತು. ಇತಿಹಾಸಕಾರರು ಇನ್ನೂ ಈ ಬಗ್ಗೆ ಒಮ್ಮತಕ್ಕೆ ಬಂದಿಲ್ಲ. ತಮಗೆ ಅನ್ಯಾಯವಾಯಿತೆಂಬ ಕೊರಗು ಗ್ರೇ ಅವರಿಗೆ ಕೊನೆಯವರೆಗೂ ಇತ್ತು. ಆದರೆ ಮಾತಿನ ಯಂತ್ರವನ್ನು ಆರಂಭದಲ್ಲಿ ಅವರೂ ಬದಿಗೆ ಸರಿಸಿದ್ದರು ಎಂಬುದೂ ನಿಜ.

ವೆಸ್ಟರ್ನ್ ಎಲೆಕ್ಟ್ರಿಕ್ ನೆನಪಿದೆಯೇ? ಗ್ರೇ ಕಟ್ಟಿದ ಆ ಕಂಪನಿ 1881ರಲ್ಲಿ ಬೆಲ್ ಅವರ ಟೆಲಿಫೋನ್ ಸಂಸ್ಥೆಯ ಕೈ ಸೇರಿತು! ಆ ಕಾಲದ ಟೆಲಿಫೋನ್ ಕೇಂದ್ರಗಳಲ್ಲಿ ಕೆಲಸಗಾರರು ವೈರಿನ ತುದಿಯ ಪಿನ್ನನ್ನು ಹಲಗೆಯ ತೂತಿಗೆ ಸಿಕ್ಕಿಸಿ ಇಬ್ಬರ ನಡುವೆ ಮಾತು ಕೂಡಿಸುತ್ತಿದ್ದರು. ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ದಪ್ಪದ ಆ ಪಿನ್ನಿನ ವಂಶದ್ದೇ ಇಂದು ಕೀಬೋರ್ಡ್, ಪೆಡಲು, ಗಿಟಾರುಗಳಿಗೆ ಸಿಕ್ಕಿಸುವ ಜಾಕ್ ಪಿನ್ನು.

ಗ್ರೇ ಕೈಕಟ್ಟಿ ಕೂರಲಿಲ್ಲ. 1888ರಲ್ಲಿ, ಇಲ್ಲಿ ಬರೆದ ಅಕ್ಷರವನ್ನು ದೂರದಲ್ಲಿ ಹಾಗೆಯೇ ಬರೆಯುವ ಟೆಲಾಟೊಗ್ರಾಫ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಓಬರ್ಲಿನ್‌ನಲ್ಲಿ ಪಾಠವನ್ನೂ ಹೇಳಿದರು. ಕೊನೆಗೆ ಅವರ ಗಮನ ಸಮುದ್ರದ ಕಡೆ ಹೊರಳಿತು. ಮಂಜು ಕವಿದಾಗ ನಾವಿಕರಿಗೆ ದೀಪ ಕಾಣದು, ಆದರೆ ನೀರಿನೊಳಗೆ ಗಂಟೆ ಬಾರಿಸಿದರೆ ಸದ್ದು ದೂರ ಹೋಗುತ್ತದೆ. ಅದನ್ನು ಹಡಗಿನಲ್ಲಿದ್ದವರು ಕೇಳುವಂತೆ ಮಾಡಲು ಹೊರಟರು. ಈ ಪ್ರಯೋಗಗಳು ನಡೆಯುತ್ತಿದ್ದಾಗಲೇ, 1901ರ ಜನವರಿ 21ರಂದು ತೀರಿಕೊಂಡರು. ಮರುವರ್ಷ ಶಿವನಸಮುದ್ರದಿಂದ ನಮ್ಮ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಬಂತು. ಗ್ರೇ ಅವರ ಗಂಟೆಗಳನ್ನು ಅವರ ಜೊತೆಗಾರರು ಮುಂದುವರಿಸಿದರು. ಕೆಲವೇ ವರ್ಷಗಳಲ್ಲಿ ಕರಾವಳಿಯ ದೀಪದ ಹಡಗುಗಳ ಕೆಳಗೆ, ನೀರಿನೊಳಗೆ ಅವು ಬಾರಿಸತೊಡಗಿದವು.