ಹಾನಗಲ್ಲ ಗುಡ್ಡಗಳಿಗಾಗಿ ಕಾರಂತರು ಹೂಡಿದ ದಾವೆ

ಡಾ. ಕೋಟ ಶಿವರಾಮ ಕಾರಂತರು ಕನ್ನಡಿಗರಿಗೆ ಕಾದಂಬರಿಕಾರರಾಗಿ, ಯಕ್ಷಗಾನದಲ್ಲಿ ಹೊಸ ಪ್ರಯೋಗ ನಡೆಸಿದವರಾಗಿ, ಜ್ಞಾನಪೀಠ ಪುರಸ್ಕೃತರಾಗಿ ಪರಿಚಿತರು. ಕಡಲತೀರದ ಭಾರ್ಗವ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡೇ ಬಂದಿದೆ. ಆದರೆ ಕಡಲಿನಿಂದ ದೂರದ, ಘಟ್ಟದ ಮೇಲಿನ ಹಾನಗಲ್ಲ ಸೀಮೆಯ ದನ ಮೇಯುವ ಗುಡ್ಡಗಳಿಗಾಗಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

1902ರ ಅಕ್ಟೋಬರ್ 10ರಂದು ಉಡುಪಿ ಸಮೀಪದ ಕೋಟದಲ್ಲಿ ಜನಿಸಿದ ಕಾರಂತರು ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ತೊರೆದವರು. ಬಳಿಕ ಪುತ್ತೂರಿನಲ್ಲಿ ನೆಲೆ ನಿಂತು ಮಕ್ಕಳ ಶಿಕ್ಷಣ, ನಾಟಕ, ಮುದ್ರಣಾಲಯ, ಪ್ರವಾಸ ಎಂದು ಹತ್ತಾರು ದಿಕ್ಕಿಗೆ ಕೈ ಚಾಚಿದರು. ಮಕ್ಕಳಿಗಾಗಿ 'ಬಾಲ ಪ್ರಪಂಚ', ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ಸಂಪುಟಗಳನ್ನು ಒಬ್ಬರೇ ಕುಳಿತು ಬರೆದರು. ತುಂಡು ಭೂಮಿಗಾಗಿ ಹಂಬಲಿಸುವ ದಲಿತನ ಕಥೆ 'ಚೋಮನ ದುಡಿ'. 'ಬೆಟ್ಟದ ಜೀವ'ದ ಗೋಪಾಲಯ್ಯನವರಾದರೋ ಕಾಡನ್ನು ಕಡಿದು ತೋಟ ಮಾಡಿದವರು. ಲೇಖಕರು ಅವರನ್ನು ಪ್ರೀತಿಯಿಂದಲೇ ಚಿತ್ರಿಸಿದ್ದಾರೆ. ಮರ ಕಡಿಯುವುದೆಲ್ಲ ಪಾಪ ಎಂಬ ಸರಳ ನಿಲುವು ಕಾರಂತರದಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ದಾವೆಯ ಬೇರು ಇರುವುದು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ. ಅಲ್ಲಿ ತುಂಗಭದ್ರೆಯ ದಡದಲ್ಲಿ 1972ರಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಉತ್ಪಾದನೆ ಆರಂಭಿಸಿತು. ತಿರುಳಿನ ಕಾರ್ಖಾನೆ ಎಂದೊಡನೆ ಕಾಗದ ನೆನಪಾಗುವುದು ಸಹಜ. ಇಲ್ಲಿ ತಯಾರಾಗುವುದು ಬಟ್ಟೆಗೆ ಬೇಕಾದ ರೇಯಾನ್ ತಿರುಳು. ನೀಲಗಿರಿ ಮರವನ್ನು ಚಕ್ಕೆ ಮಾಡಿ, ರಾಸಾಯನಿಕಗಳಲ್ಲಿ ಬೇಯಿಸಿ, ಬಿಳುಪುಗೊಳಿಸಿ ಹಾಳೆ ತೆಗೆಯಲಾಗುತ್ತದೆ. ಆ ತಿರುಳಿನಿಂದ ಕೃತಕ ನಾರು. ಬರವೇ ಹೆಚ್ಚಾಗಿದ್ದ ಪ್ರದೇಶಕ್ಕೆ ಕಾರ್ಖಾನೆ ತಂದ ಲಾಭವನ್ನು ಅಲ್ಲಗಳೆಯಲಾಗದು. ಸಾವಿರಾರು ಜನರಿಗೆ ತಿಂಗಳ ಸಂಬಳ ಸಿಕ್ಕಿತು. ಲಾರಿ, ಹೋಟೆಲು, ಅಂಗಡಿ, ಶಾಲೆ ಬಂದವು. ಹೊಲದಲ್ಲಿ ನೀಲಗಿರಿ ಬೆಳೆದ ರೈತನಿಗೆ ಕೊಳ್ಳುವವನೊಬ್ಬ ದೊರೆತ.

ಆದರೆ ಮರ ಬೇಯಿಸಲು ನೀರು ಬೇಕು, ಬಳಸಿದ ನೀರು ಹೊರಗೆ ಹೋಗಬೇಕು. ಅದು ಹೋದದ್ದು ನದಿಗೆ. ಎಂಬತ್ತರ ದಶಕದ ನಡುವಿನಲ್ಲಿ ಕೆಳಗಿನ ಹಳ್ಳಿಗಳ ದಡದಲ್ಲಿ ಸತ್ತ ಮೀನುಗಳು ರಾಶಿಯಾಗಿ ತೇಲಿದವು. ಮೀನುಗಾರರು ಜೀವನೋಪಾಯ ಕಳೆದುಕೊಂಡರೆ, ಹೊಳೆಯ ನೀರನ್ನೇ ಕುಡಿಯುತ್ತಿದ್ದ ಊರುಗಳು ಕಂಗಾಲಾದವು. ಅಮೆರಿಕದಲ್ಲಿನ ಉದ್ಯೋಗ ಬಿಟ್ಟು ಮರಳಿ, ಮೇಡ್ಲೇರಿಯಲ್ಲಿ ಕೆಲಸ ಆರಂಭಿಸಿದ್ದ ಎಸ್.ಆರ್. ಹಿರೇಮಠ ಅವರ ನೇತೃತ್ವದ ಸಮಾಜ ಪರಿವರ್ತನ ಸಮುದಾಯ ಈ ಜನರ ಬೆನ್ನಿಗೆ ನಿಂತಿತು.

ನದಿಯ ಜಗಳ ನೆಲಕ್ಕೆ ಹಬ್ಬಿದ್ದು 1984ರಲ್ಲಿ. ಆ ವರ್ಷ ರಾಜ್ಯ ಸರ್ಕಾರ ಮತ್ತು ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಹುಟ್ಟುಹಾಕಿದವು. ಸರ್ಕಾರದ ಪಾಲು ಶೇ 51, ಕಾರ್ಖಾನೆಯ ಪಾಲು ಶೇ 49. ಧಾರವಾಡ ಸೇರಿದಂತೆ ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನನ್ನು 40 ವರ್ಷಗಳ ಗುತ್ತಿಗೆಗೆ ನೀಡಿ, ಅಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಒದಗಿಸುವುದು ಯೋಜನೆ. ಉದ್ಯಮಕ್ಕೆ ಕಾಡಿನ ಸರಕನ್ನು ಅಗ್ಗಕ್ಕೆ ಕೊಡುವ ರೂಢಿ ರಾಜ್ಯಕ್ಕೆ ಹೊಸದೇನಲ್ಲ. 1958ರಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಯಂತೆ ಸಂದಿತ್ತು. ಈ ಬಾರಿ ಮಾತ್ರ ಸರಕಿನ ಬದಲು ನೆಲವನ್ನೇ ಕೊಡಲಾಯಿತು.

ಕಡತದಲ್ಲಿ ಆ ಜಮೀನು ಸರ್ಕಾರದ್ದು, ಸಿ ಮತ್ತು ಡಿ ದರ್ಜೆಯ ಬಂಜರು. ಹಾನಗಲ್ಲ, ಹಿರೇಕೆರೂರಿನ ಊರವರ ಲೆಕ್ಕವೇ ಬೇರೆ. ಅಲ್ಲಿ ದನ ಮೇಯುತ್ತವೆ, ಕುರಿ ನಿಲ್ಲುತ್ತವೆ. ಒಲೆಗೆ ಪುರಳೆ, ಬೇಲಿಗೆ ಮುಳ್ಳು, ನೇಗಿಲಿಗೆ ಕಟ್ಟಿಗೆ ಅಲ್ಲಿಂದಲೇ. ಶಿಗ್ಗಾಂವಿಯ ಒಣ ಬೇಸಾಯವಾಗಲಿ, ಸವಣೂರಿನ ವೀಳ್ಯದೆಲೆ ತೋಟವಾಗಲಿ ಎತ್ತು, ಎಮ್ಮೆ, ಗೊಬ್ಬರ ಇಲ್ಲದೆ ನಡೆಯುವಂಥದ್ದಲ್ಲ. ಸ್ವಂತ ಹೊಲವಿಲ್ಲದವರಿಗಂತೂ ಗುಡ್ಡವೇ ಆಸ್ತಿ. ನೀಲಗಿರಿಯ ಎಲೆಗೆ ದನ ಬಾಯಿ ಹಾಕುವುದಿಲ್ಲ. ಬಂಜರು ಎಂಬ ಒಂದು ಪದ ಎಷ್ಟು ಜನರ ಬದುಕನ್ನು ಮುಚ್ಚಿಹಾಕಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು.

ಈ ಹಸ್ತಾಂತರವನ್ನು ಪ್ರಶ್ನಿಸಿ ಸಮುದಾಯ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದಾಗ ಅರ್ಜಿದಾರರ ಪಟ್ಟಿಯಲ್ಲಿ ಮೊದಲ ಹೆಸರು ಶಿವರಾಮ ಕಾರಂತರದು. ಎದುರಾಳಿ ಪಕ್ಷದಲ್ಲಿ ಇದ್ದದ್ದು ರಾಜ್ಯ ಸರ್ಕಾರ ಮತ್ತು ದೇಶದ ಬಲಿಷ್ಠ ಉದ್ಯಮ ಸಮೂಹ. ಕಾರಂತರಿಗೆ ಆ ಗುಡ್ಡಗಳಲ್ಲಿ ಒಂದು ಗುಂಟೆಯ ಸ್ವಾರ್ಥವೂ ಇರಲಿಲ್ಲ. ತುರ್ತು ಪರಿಸ್ಥಿತಿಯ ವಿರುದ್ಧ ಪದ್ಮಭೂಷಣವನ್ನೇ ಹಿಂದಿರುಗಿಸಿದ್ದವರ ಹೆಸರು ಅದು. ಹಳ್ಳಿಗರ ಅಹವಾಲನ್ನು ದೆಹಲಿ ಕಿವಿಗೊಟ್ಟು ಕೇಳುವಂತೆ ಮಾಡುವಲ್ಲಿ ಅದರ ತೂಕ ಕಡಿಮೆಯದಾಗಿರಲಾರದು. ಹೊಸದಾಗಿ ಭೂಮಿ ಹಸ್ತಾಂತರಿಸದಂತೆ ನ್ಯಾಯಾಲಯ ತಡೆಯಾಜ್ಞೆ ನೀಡಿತು.

ಊರಿನಲ್ಲಿ ಹೋರಾಟ ಬೇರೆಯೇ ರೂಪ ಪಡೆಯಿತು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಡೊಳ್ಳು ಬಾರಿಸುತ್ತ ನೆಡುತೋಪಿಗೆ ನಡೆದರು. ಸುಮಾರು 100 ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹಣ್ಣಿನ ಮತ್ತು ಮೇವಿನ ಸಸಿ ನೆಟ್ಟರು; ನೀರೆರೆದು ಸಾಕುವ ಪ್ರತಿಜ್ಞೆ ಸ್ವೀಕರಿಸಿದರು. ಈ ಭಾಗದಲ್ಲಿ ಸಸಿ ನೆಡುವುದಕ್ಕೆ ಹಚ್ಚುವುದು ಎನ್ನುತ್ತಾರೆ. ಹಾಗಾಗಿ ಇದು ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಎಂದೇ ಹೆಸರಾಯಿತು. ಬೀದಿಯ ಒತ್ತಡ, ನ್ಯಾಯಾಲಯದ ತಡೆ ಎರಡರ ನಡುವೆ ಸಿಲುಕಿದ ಪಲ್ಪ್‌ವುಡ್ ಕಂಪನಿ 1991ರಲ್ಲಿ ಬಾಗಿಲು ಮುಚ್ಚಿತು.

ಕಾರಂತರ ಪರಿಸರ ಹೋರಾಟಗಳೆಲ್ಲ ಹೀಗೆ ಫಲ ಕೊಡಲಿಲ್ಲ. ಕೈಗಾ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದರು, ಸ್ಥಾವರ ನಿಂತಿತು. ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಪಕ್ಷೇತರರಾಗಿ ಸ್ಪರ್ಧಿಸಿ ಸೋತರು. ಆಗ ಅವರಿಗೆ 87 ವರ್ಷ. ಅವರ ಜೀವನಚರಿತ್ರೆ ಬರೆದವರು ಆ ಸೋಲಿಗೆ ಕೊಟ್ಟಷ್ಟು ಪುಟಗಳನ್ನು ಹಾನಗಲ್ಲದ ಗೆಲುವಿಗೆ ಕೊಟ್ಟಂತೆ ಕಾಣುವುದಿಲ್ಲ.

1997ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆ ರಚನೆಯಾಗಿ, ಈ ನಾಲ್ಕು ತಾಲ್ಲೂಕುಗಳು ಮತ್ತು ಕಾರ್ಖಾನೆ ಇರುವ ರಾಣೆಬೆನ್ನೂರು ಒಂದೇ ಜಿಲ್ಲೆಗೆ ಸೇರಿದವು. ಅದೇ ವರ್ಷ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಕಾರಂತರು ನಿಧನರಾದರು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅವರು ಗತಿಸಿ ಎರಡು ದಶಕಗಳಾಗುತ್ತಿದ್ದಾಗ. ಕುಮಾರಪಟ್ಟಣದ ಕಾರ್ಖಾನೆ ಗ್ರಾಸಿಂ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ.