ಗಣಿತಜ್ಞ ಭಾಸ್ಕರಾಚಾರ್ಯ

ಭಾರತೀಯ ಗಣಿತದ ಇತಿಹಾಸದಲ್ಲಿ ಭಾಸ್ಕರಾಚಾರ್ಯನ ಹೆಸರು ಚಿರಸ್ಥಾಯಿಯಾದುದು. ಅವನು ಜನಿಸಿದುದು ಕ್ರಿ.ಶ. 1114ರಲ್ಲಿ. ಸಹ್ಯಾದ್ರಿಯ ಆಶ್ರಯದಲ್ಲಿದ್ದ ವಿಜ್ಜಡವಿಡವು ತನ್ನ ಊರೆಂದು ಅವನೇ ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರೂ ಮಹಾರಾಷ್ಟ್ರದ ಪಾಟಣದ ಸಮೀಪದ ಊರೆಂದು ಮತ್ತೆ ಕೆಲವರೂ ಅಭಿಪ್ರಾಯಪಡುತ್ತಾರೆ. ತಂದೆಯಾದ ಮಹೇಶ್ವರನೇ ಅವನಿಗೆ ಗುರು.

1150ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯನ್ನು ರಚಿಸಿದನು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬವು ಅದರ ನಾಲ್ಕು ಭಾಗಗಳು. ಲೀಲಾವತಿಯ ಅನೇಕ ಲೆಕ್ಕಗಳು ಬಾಲೆಯೊಬ್ಬಳನ್ನು ಕುರಿತು ಹೇಳಿದಂತಿವೆ. ಆಕೆ ಅವನ ಮಗಳೆಂಬುದು ಪ್ರತೀತಿ. ಹೂವನ್ನರಸುವ ದುಂಬಿಗಳು, ಕೊಳದ ತಾವರೆ, ಹಾವಿನ ಮೇಲೆರಗುವ ನವಿಲು ಇವೆಲ್ಲ ಅಲ್ಲಿ ಲೆಕ್ಕಗಳಾಗಿವೆ. ಕಠಿಣವಾದ ಶಾಸ್ತ್ರವನ್ನು ಎಳೆಯರ ಮನಸ್ಸಿಗೆ ಹತ್ತಿರ ತರುವುದು ಅವನ ರೀತಿ.

ಸೊನ್ನೆಗಿಂತ ಕಡಮೆಯಾದ ಸಂಖ್ಯೆಗೆ ಅರ್ಥವೇನೆಂಬುದು ಬಹುಕಾಲ ತೊಡಕಿನ ಪ್ರಶ್ನೆಯಾಗಿತ್ತು. 628ರಲ್ಲಿಯೇ ಬ್ರಹ್ಮಗುಪ್ತನು ಧನ, ಋಣಗಳನ್ನು ಕೂಡುವ, ಕಳೆಯುವ ನಿಯಮಗಳನ್ನು ಹೇಳಿದ್ದನು. ಸಾಲವೆಂದರೆ ಯಾರಿಗಾದರೂ ತಿಳಿದೀತು. ಆದರೆ ಎಣಿಸುವ, ಅಳೆಯುವ ವಸ್ತುಗಳು ಋಣವಾಗುವುದೆಂತು? ಭಾಸ್ಕರಾಚಾರ್ಯನ ಒಂದು ಲೆಕ್ಕ ಹೀಗಿದೆ: ಕಪಿಗಳ ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು, ಉಳಿದುದು ಒಂದೇ. ಇದಕ್ಕೆ 50, 5 ಎಂಬ ಎರಡು ಉತ್ತರಗಳು ಬರುತ್ತವೆ. ಹಿಂಡಿನಲ್ಲಿ ಐದೇ ಕಪಿಗಳಿದ್ದರೆ ಒಂದರಲ್ಲಿ ಮೂರನ್ನು ಕಳೆಯಬೇಕಾಗುತ್ತದೆ. ಅಂತಹ ಋಣಸಂಖ್ಯೆಯನ್ನು ಲೋಕವು ಒಪ್ಪದೆಂದು ಅವನು 5ನ್ನು ಕೈಬಿಟ್ಟನು.

ಆದರೆ ಲೀಲಾವತಿಯ ತ್ರಿಭುಜವೊಂದರಲ್ಲಿ ಅವನು ಹಾಗೆ ಮಾಡಲಿಲ್ಲ. ಅದರ ಪಾದ 9, ಉಳಿದ ಬಾಹುಗಳು 10 ಮತ್ತು 17. ಶೃಂಗದಿಂದಿಳಿಸಿದ ಲಂಬವು ಪಾದವನ್ನು ಯಾವ ಎರಡು ಖಂಡಗಳಾಗಿ ಮಾಡುವುದೆಂದು ಎಣಿಸಿದರೆ ಒಂದು 15, ಇನ್ನೊಂದು ಋಣ 6. ಲಂಬವು ಪಾದದ ಹೊರಗೆ ಬೀಳುತ್ತದೆ. ಇಲ್ಲಿ ಋಣವೆಂದರೆ ದಿಕ್ಕು ವಿಪರೀತವಾಗಿದೆಯೆಂದೇ ಅರ್ಥವೆಂದು ಅವನು ವಿವರಿಸಿದನು. 15ರಷ್ಟು ಹೋಗಿ 6ರಷ್ಟು ಹಿಂದೆ ಬಂದರೆ ಉಳಿಯುವುದು ಪಾದದ 9 ತಾನೆ! ಇಲ್ಲದ ವಸ್ತುವೆಂದು ತೋರುತ್ತಿದ್ದ ಸಂಖ್ಯೆಗೆ ಗೆರೆಯ ಮೇಲೆ ಹೀಗೊಂದು ನೆಲೆ ದೊರೆಯಿತು.

ಇದನ್ನು ರೈಲುಹಾದಿಯಿಂದ ಸುಲಭವಾಗಿ ತಿಳಿಯಬಹುದು. ಬೀರೂರನ್ನು ಸೊನ್ನೆಯೆಂದೂ ಅಜ್ಜಂಪುರದ ಕಡೆಯನ್ನು ಧನವೆಂದೂ ಭಾವಿಸಿದರೆ, ಎದುರು ದಿಕ್ಕಿನ ಕಡೂರು ಋಣದ ಕಡೆಗಾಗುತ್ತದೆ. ಕಡೂರಿನ ದೂರವೇನೂ ಸುಳ್ಳಲ್ಲ. ದಿಕ್ಕು ಮಾತ್ರ ಬೇರೆ. ಬೀರೂರಿನಲ್ಲಿ ಕವಲೊಡೆದು ತರೀಕೆರೆಗೆ ಹೋಗುವ ಹಳಿ ಈ ಗೆರೆಗೆ ಸೇರದು. ಸಂಖ್ಯಾರೇಖೆಗಿರುವುದು ಎರಡೇ ದಿಕ್ಕುಗಳು.

ಭಾಸ್ಕರಾಚಾರ್ಯನು ಗೆರೆಯ ಮೇಲೆ ಅಂಕಿಗಳನ್ನು ಸಾಲಾಗಿ ಗುರುತಿಸಿದನೆಂದಲ್ಲ. ಮುಂದೆ 1685ರಲ್ಲಿ ಇಂಗ್ಲೆಂಡಿನ ಜಾನ್ ವಾಲಿಸ್ ಎಂಬ ಗಣಿತಜ್ಞನು, ಒಬ್ಬನು ಐದು ಗಜ ಮುಂದೆ ನಡೆದು ಎಂಟು ಗಜ ಹಿಂದೆ ಸರಿದರೆ ಎಲ್ಲಿರುವನೆಂದು ಕೇಳಿ, ಋಣಸಂಖ್ಯೆಯನ್ನು ಗೆರೆಯ ಮೇಲೆ ತೋರಿಸಿದನು. ಆದರೆ ಋಣಕ್ಕೆ ವಿರುದ್ಧ ದಿಕ್ಕೆಂಬ ಅರ್ಥವು ಲೀಲಾವತಿಯಲ್ಲಿ ಐದು ಶತಮಾನಗಳಿಗೂ ಹಿಂದೆಯೇ ಬಂದಿತ್ತು.

1183ರಲ್ಲಿ, ಅರವತ್ತೊಂಬತ್ತರ ಹರೆಯದಲ್ಲಿಯೂ, ಭಾಸ್ಕರಾಚಾರ್ಯನು ಕರಣಕುತೂಹಲವೆಂಬ ಗ್ರಂಥವನ್ನು ಬರೆದನು. ಅವನ ಕೃತಿಗಳ ವ್ಯಾಸಂಗಕ್ಕಾಗಿ ಮೊಮ್ಮಗ ಚಂಗದೇವನು ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದನು. 1587ರಲ್ಲಿ ಅಕ್ಬರನ ಆಸ್ಥಾನದ ಕವಿ ಫೈಜಿ ಲೀಲಾವತಿಯನ್ನು ಪಾರಸಿ ಭಾಷೆಗೆ ತಂದನು. ಶತಮಾನಗಳ ಕಾಲ ಅದು ನಾಡಿನ ವಿದ್ಯಾರ್ಥಿಗಳಿಗೆ ಪಠ್ಯವಾಗಿತ್ತು.

ಕಡೂರು, ತರೀಕೆರೆ, ಅಜ್ಜಂಪುರಗಳ ಶಾಲೆಯ ಅಂಗಳದಲ್ಲಿ ಎಳೆಯ ಮಗುವೊಂದು ಸುಣ್ಣದ ಗೆರೆಯ ಮೇಲೆ ಮೂರು ಹೆಜ್ಜೆ ಮುಂದಿಟ್ಟು ಐದು ಹೆಜ್ಜೆ ಹಿಂದೆ ಸರಿದಾಗ, ಅದು ಸೊನ್ನೆಯನ್ನು ದಾಟಿ ನಿಲ್ಲುತ್ತದೆ. ಅಲ್ಲಿಯೂ ನಿಲ್ಲಲು ನೆಲವುಂಟೆಂಬುದನ್ನು ಭಾಸ್ಕರಾಚಾರ್ಯನು ಎಂಟುನೂರು ವರ್ಷಗಳಿಗೂ ಹಿಂದೆಯೇ ಕಂಡಿದ್ದನು.