ಸಕ್ಕರೆ ಬೇನೆಗೆ ಮದ್ದು ತಂದ ಫ್ರೆಡರಿಕ್ ಬ್ಯಾಂಟಿಂಗ್

ಮಕ್ಕಳೇ, ನವೆಂಬರ್ 14 ಎಂದ ಕೂಡಲೇ ನಿಮಗೆ ಮಕ್ಕಳ ದಿನಾಚರಣೆ ನೆನಪಾಗುತ್ತದೆ ಅಲ್ಲವೇ? ಅದೇ ದಿನವನ್ನು ವಿಶ್ವ ಮಧುಮೇಹ ದಿನವನ್ನಾಗಿಯೂ ಆಚರಿಸುತ್ತಾರೆ. ಅದು ಫ್ರೆಡರಿಕ್ ಬ್ಯಾಂಟಿಂಗ್ ಎಂಬ ವೈದ್ಯರು ಹುಟ್ಟಿದ ದಿನ. ಅವರು ಹುಟ್ಟಿದ ಕಾಲದಲ್ಲಿ ಸಕ್ಕರೆ ಬೇನೆ ಬಂದ ಮಗು ಹೆಚ್ಚು ದಿನ ಬದುಕುತ್ತಿರಲಿಲ್ಲ. ಅವರಿಗೆ 30 ವರ್ಷವಾಗಿದ್ದಾಗ ಅಂಥ ಮಕ್ಕಳು ಬದುಕತೊಡಗಿದರು. ಇದು ಹೇಗಾಯಿತು? ಬನ್ನಿ, ತಿಳಿಯೋಣ.

ಕಾಲುವೆ ತುಂಬಿದೆ, ಹೊಲ ಒಣಗಿದೆ

ಘೋಡಗೇರಿ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಕ್ಕಳಾದ ನಿಮಗೆ ಕಬ್ಬಿನ ಹೊಲವೂ ಗೊತ್ತು, ಕರದಂಟಿನ ರುಚಿಯೂ ಗೊತ್ತು. ನೀವು ತಿನ್ನುವ ರೊಟ್ಟಿ, ಅನ್ನ, ಬೆಲ್ಲದಲ್ಲಿರುವ ಪಿಷ್ಟ ಮತ್ತು ಸಕ್ಕರೆ ಕರುಳಿನಲ್ಲಿ ಜೀರ್ಣವಾಗಿ ಬಹುಪಾಲು ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಎಂದರೆ ಒಂದು ಬಗೆಯ ಸಕ್ಕರೆ. ಅದು ರಕ್ತದಲ್ಲಿ ಸೇರಿ ದೇಹವೆಲ್ಲ ಸುತ್ತುತ್ತದೆ. ಓಡಲು, ಆಡಲು, ಓದಲು ಬೇಕಾದ ಶಕ್ತಿ ಅದರಿಂದಲೇ ಸಿಗುತ್ತದೆ.

ಆದರೆ ಸಕ್ಕರೆ ರಕ್ತದಲ್ಲಿದ್ದರೆ ಸಾಲದು. ಅದು ಜೀವಕೋಶಗಳ ಒಳಗೆ ಹೋಗಬೇಕು. ಹಿಡಕಲ್ ಜಲಾಶಯದ ಕಾಲುವೆಯನ್ನು ನೆನಪಿಸಿಕೊಳ್ಳಿ. ಕಾಲುವೆ ತುಂಬ ನೀರಿದೆ, ಆದರೆ ಹೊಲದ ಕಡೆಯ ಗೇಟು ತೆರೆದಿಲ್ಲ. ಆಗ ಏನಾಗುತ್ತದೆ? ನೀರು ಪಕ್ಕದಲ್ಲೇ ಇದ್ದರೂ ಬೆಳೆ ಒಣಗುತ್ತದೆ. ನಮ್ಮ ದೇಹದಲ್ಲಿ ಸ್ನಾಯುಗಳ ಮತ್ತು ಕೊಬ್ಬಿನ ಕೋಶಗಳ ಗೇಟನ್ನು ತೆರೆಸುವುದು ಇನ್ಸುಲಿನ್ ಎಂಬ ಹಾರ್ಮೋನು. ಅದು ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿ ಮೂತ್ರದಲ್ಲಿ ಹರಿದುಹೋಗುತ್ತದೆ. ಹೊಟ್ಟೆ ತುಂಬ ಉಂಡರೂ ದೇಹ ಬಳಲಿ ಸೊರಗುತ್ತದೆ.

ಹಾರ್ಮೋನು ಎಂದರೇನು? ದೇಹದ ಒಂದು ಭಾಗ ಇನ್ನೊಂದು ಭಾಗಕ್ಕೆ ರಕ್ತದ ಮೂಲಕ ಕಳಿಸುವ ರಾಸಾಯನಿಕ ಸಂದೇಶವೇ ಹಾರ್ಮೋನು. ಬಾಯಿಯ ಜೊಲ್ಲು ಒಂದು ನಾಳದ ಮೂಲಕ ಬಾಯಿಗೆ ಬರುತ್ತದೆ. ಹಾರ್ಮೋನಿಗೆ ಅಂಥ ನಾಳವಿಲ್ಲ, ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ. ಆದ್ದರಿಂದ ಅದನ್ನು ತಯಾರಿಸುವ ಗ್ರಂಥಿಗಳನ್ನು ನಿರ್ನಾಳ ಗ್ರಂಥಿಗಳು ಎನ್ನುತ್ತಾರೆ.

ರೈತನ ಮಗ

ಬ್ಯಾಂಟಿಂಗ್ ಅವರು 1891ರ ನವೆಂಬರ್ 14ರಂದು ಕೆನಡಾ ದೇಶದ ಆಲಿಸ್ಟನ್ ಎಂಬ ಊರಿನ ಬಳಿ ಹುಟ್ಟಿದರು. ತಂದೆ ರೈತರು. ಮನೆಯ ಮಕ್ಕಳಲ್ಲಿ ಇವರೇ ಕೊನೆಯವರು. ಓದಿನಲ್ಲಿ ಅವರು ಬಹಳ ಮುಂದಿದ್ದವರಲ್ಲ. ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ವರ್ಷ ನಪಾಸಾದರು. ಆದರೂ ಬಿಡದೆ 1912ರಲ್ಲಿ ವೈದ್ಯಕೀಯ ಓದಲು ಶುರುಮಾಡಿ 1916ರಲ್ಲಿ ಪದವಿ ಪಡೆದರು.

ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಬ್ಯಾಂಟಿಂಗ್ ಸೇನೆಯ ವೈದ್ಯರಾಗಿ ಯುರೋಪಿಗೆ ಹೋದರು. 1918ರಲ್ಲಿ ಸಿಡಿಗುಂಡಿನ ಚೂರು ಅವರ ತೋಳಿಗೆ ಬಡಿಯಿತು. ತಮಗೆ ಗಾಯವಾಗಿದ್ದರೂ ಅವರು ಗಾಯಗೊಂಡ ಇತರ ಸೈನಿಕರ ಆರೈಕೆ ಮಾಡುತ್ತಲೇ ಇದ್ದರು. ಅದಕ್ಕಾಗಿ ಅವರಿಗೆ ಮಿಲಿಟರಿ ಕ್ರಾಸ್ ಎಂಬ ಪದಕ ಬಂತು.

ಯುದ್ಧ ಮುಗಿದ ಮೇಲೆ 1920ರಲ್ಲಿ ಕೆನಡಾದ ಲಂಡನ್ ಎಂಬ ಊರಿನಲ್ಲಿ ದವಾಖಾನೆ ತೆರೆದರು. ರೋಗಿಗಳೇ ಬರಲಿಲ್ಲ! ಮೊದಲ ತಿಂಗಳ ಗಳಿಕೆ ಬರೀ 4 ಡಾಲರ್. ಖರ್ಚಿಗಾಗಿ ಅವರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಿದ್ದರು.

ನಡುರಾತ್ರಿ ಹೊಳೆದ ವಿಚಾರ

1920ರ ಅಕ್ಟೋಬರ್ ಕೊನೆಯ ಒಂದು ರಾತ್ರಿ. ಮರುದಿನಗಳ ಪಾಠಕ್ಕಾಗಿ ಓದುತ್ತಿದ್ದ ಬ್ಯಾಂಟಿಂಗ್ ಅವರು ಮೇದೋಜೀರಕ ಗ್ರಂಥಿಯ ಬಗ್ಗೆ ಒಂದು ಲೇಖನ ನೋಡಿದರು. ಮೇದೋಜೀರಕ ನಮ್ಮ ಜಠರದ ಹಿಂಬದಿಯಲ್ಲಿರುವ ಗ್ರಂಥಿ. ಅದಕ್ಕೆ ಎರಡು ಕೆಲಸ. ಒಂದು, ನಾಳದ ಮೂಲಕ ಸಣ್ಣ ಕರುಳಿಗೆ ಜೀರ್ಣರಸ ಕಳಿಸುವುದು. ಇನ್ನೊಂದು, ರಕ್ತಕ್ಕೆ ಹಾರ್ಮೋನು ಬಿಡುವುದು. ಈ ಎರಡನೆಯ ಕೆಲಸ ಮಾಡುವ ಕೋಶಗಳು ಗ್ರಂಥಿಯಲ್ಲಿ ಅಲ್ಲಲ್ಲಿ ಗುಂಪುಗುಂಪಾಗಿ, ನಡುಗಡ್ಡೆಗಳಂತೆ ಇವೆ. 1869ರಲ್ಲಿ ಇವುಗಳನ್ನು ಮೊದಲು ಕಂಡವರು ಪಾಲ್ ಲ್ಯಾಂಗರ್‌ಹ್ಯಾನ್ಸ್. ನಾಯಿಯ ಮೇದೋಜೀರಕವನ್ನು ತೆಗೆದರೆ ಅದಕ್ಕೆ ಸಕ್ಕರೆ ಬೇನೆ ಬರುತ್ತದೆ ಎಂಬುದು 1889ರಲ್ಲೇ ಗೊತ್ತಾಗಿತ್ತು.

ಹಾಗಾದರೆ ಗ್ರಂಥಿಯನ್ನು ಅರೆದು ಹಾರ್ಮೋನು ತೆಗೆಯಬಹುದಿತ್ತಲ್ಲವೇ? ಹಲವರು ಪ್ರಯತ್ನಿಸಿದ್ದರು, ಸರಿಯಾಗಿ ಆಗಿರಲಿಲ್ಲ. ಅರೆಯುವಾಗ ಜೀರ್ಣರಸವೇ ಹಾರ್ಮೋನನ್ನು ಹಾಳು ಮಾಡುತ್ತಿರಬಹುದು ಎಂದು ಬ್ಯಾಂಟಿಂಗ್ ಊಹಿಸಿದರು. ನಾಳವನ್ನು ದಾರದಿಂದ ಕಟ್ಟಿ ಕೆಲವು ವಾರ ಬಿಟ್ಟರೆ ಜೀರ್ಣರಸದ ಕೋಶಗಳು ಸಾಯುತ್ತವೆ, ನಡುಗಡ್ಡೆಗಳು ಮಾತ್ರ ಉಳಿಯುತ್ತವೆ. ಆಗ ಹಾರ್ಮೋನು ಸಿಗಬಹುದಲ್ಲ! ನಡುರಾತ್ರಿ ಎದ್ದು ಈ ವಿಚಾರವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಟೊರಾಂಟೊದ ಬೇಸಿಗೆ

ಬ್ಯಾಂಟಿಂಗ್ ಅವರು ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮ್ಯಾಕ್ಲಿಯಡ್ ಅವರನ್ನು ಕಂಡರು. ಸಂಶೋಧನೆಯ ಅನುಭವವಿಲ್ಲದ ಈ ಯುವಕನ ಮೇಲೆ ಪ್ರಾಧ್ಯಾಪಕರಿಗೆ ಮೊದಲು ನಂಬಿಕೆ ಬರಲಿಲ್ಲ. ಆದರೂ ಒಂದು ಪ್ರಯೋಗಾಲಯ, ಕೆಲವು ನಾಯಿಗಳು ಮತ್ತು ಒಬ್ಬ ಸಹಾಯಕನನ್ನು ಕೊಟ್ಟರು. ಆ ಸಹಾಯಕನೇ 22 ವರ್ಷದ ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್.

1921ರ ಮೇ 17ರಂದು ಕೆಲಸ ಶುರುವಾಯಿತು. ಸಂಬಳವಿಲ್ಲ, ಸೆಕೆ ಬೇರೆ. ಅನೇಕ ನಾಯಿಗಳು ಸತ್ತವು. ಇಬ್ಬರೂ ಎದೆಗುಂದಲಿಲ್ಲ. ಜುಲೈ ಕೊನೆಗೆ ಅವರು ತೆಗೆದ ರಸವನ್ನು ಚುಚ್ಚಿದಾಗ ಸಕ್ಕರೆ ಬೇನೆಯ ನಾಯಿಯ ರಕ್ತದಲ್ಲಿ ಸಕ್ಕರೆ ಇಳಿಯಿತು. ಮುಂದೆ ಕಸಾಯಿಖಾನೆಯಿಂದ ತಂದ ದನದ ಮೇದೋಜೀರಕದಿಂದಲೂ ಆಲ್ಕೊಹಾಲ್ ಬಳಸಿ ರಸ ತೆಗೆದರು. ಆಗ ನಾಳ ಕಟ್ಟಿ ವಾರಗಟ್ಟಲೆ ಕಾಯುವ ಅಗತ್ಯವೇ ಇಲ್ಲವೆಂದು ತಿಳಿಯಿತು. ನೋಡಿ, ಮೊದಲು ಹೊಳೆದ ಉಪಾಯವನ್ನೇ ಕೊನೆಗೆ ಬಿಡಬೇಕಾಯಿತು! ಆದರೆ ಅದು ಅವರನ್ನು ದಾರಿಗೆ ಹಚ್ಚಿತ್ತು.

ಲಿಯೊನಾರ್ಡ್ ಬದುಕಿದ

ಟೊರಾಂಟೊ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿದ್ದ. ಆತನ ತೂಕ ಸುಮಾರು 30 ಕಿಲೊ ಮಾತ್ರ. ಆಗ ಸಕ್ಕರೆ ಬೇನೆಗೆ ಇದ್ದ ಉಪಾಯವೆಂದರೆ ಮಕ್ಕಳಿಗೆ ಊಟ ತೀರಾ ಕಡಿಮೆ ಮಾಡುವುದು. ಅದರಿಂದ ಸಾವು ಸ್ವಲ್ಪ ಮುಂದೆ ಹೋಗುತ್ತಿತ್ತು, ಅಷ್ಟೆ.

1922ರ ಜನವರಿ 11ರಂದು ಲಿಯೊನಾರ್ಡ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಶುದ್ಧವಾಗಿರಲಿಲ್ಲ. ಸಕ್ಕರೆ ಸ್ವಲ್ಪವೇ ಇಳಿಯಿತು, ಚುಚ್ಚಿದ ಜಾಗ ಕೀವುಗಟ್ಟಿತು. ಆಗ ತಂಡದಲ್ಲಿದ್ದ ಜೇಮ್ಸ್ ಕಾಲಿಪ್ ಎಂಬ ರಸಾಯನ ವಿಜ್ಞಾನಿ ಹಗಲಿರುಳು ದುಡಿದು ರಸವನ್ನು ಶುದ್ಧ ಮಾಡುವ ಬಗೆ ಕಂಡುಹಿಡಿದರು. ಜನವರಿ 23ರಂದು ಮತ್ತೆ ಚುಚ್ಚುಮದ್ದು ಕೊಟ್ಟರು. ಈ ಸಲ ರಕ್ತದ ಸಕ್ಕರೆ ಇಳಿಯಿತು. ಹುಡುಗ ಚೇತರಿಸಿಕೊಂಡ. ಮುಂದೆ ಆತ 13 ವರ್ಷ ಬದುಕಿದ. ಅದೇ ವರ್ಷ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿಗೂ ಇನ್ಸುಲಿನ್ ಸಿಕ್ಕಿತು. ಆಗ ಆಕೆಯ ತೂಕ ಸುಮಾರು 20 ಕಿಲೊ. ಆಕೆ 1981ರವರೆಗೆ ಬದುಕಿದರು!

ಒಂದು ಡಾಲರಿನ ಮದ್ದು

ಬ್ಯಾಂಟಿಂಗ್ ತಂಡ ಇಷ್ಟು ಬೆಲೆಬಾಳುವ ಮದ್ದಿನಿಂದ ಸಾಕಷ್ಟು ಹಣ ಮಾಡಬಹುದಿತ್ತು. ಆದರೆ 1923ರಲ್ಲಿ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಅದರ ಹಕ್ಕನ್ನು ತಲಾ ಒಂದೇ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಯಾರೋ ಒಬ್ಬರು ಇನ್ಸುಲಿನ್ನನ್ನು ತಮ್ಮ ಸ್ವತ್ತು ಮಾಡಿಕೊಳ್ಳಬಾರದು ಎಂಬುದು ಅದರ ಉದ್ದೇಶ.

ಅದೇ ವರ್ಷ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಡ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ವೈದ್ಯಕೀಯದ ನೊಬೆಲ್ ಪಡೆದವರಲ್ಲಿ ಬ್ಯಾಂಟಿಂಗ್ ಅವರೇ ಇಂದಿಗೂ ಅತ್ಯಂತ ಕಿರಿಯರು. ಆದರೆ ಅವರಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ತಮ್ಮ ಜೊತೆ ಬೆವರು ಸುರಿಸಿದ ಬೆಸ್ಟ್ ಹೆಸರು ಪ್ರಶಸ್ತಿಯಲ್ಲಿ ಇರಲಿಲ್ಲ. ಅವರು ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು. ಮ್ಯಾಕ್ಲಿಯಡ್ ತಮ್ಮ ಪಾಲನ್ನು ಕಾಲಿಪ್ ಜೊತೆ ಹಂಚಿಕೊಂಡರು. ಈ ನಾಲ್ವರ ನಡುವೆ ಮನಸ್ತಾಪಗಳಿದ್ದವು ನಿಜ. ಆದರೆ ನಾಲ್ವರಲ್ಲಿ ಒಬ್ಬರು ಇಲ್ಲದಿದ್ದರೂ ಇನ್ಸುಲಿನ್ ಅಷ್ಟು ಬೇಗ ಮಕ್ಕಳ ಕೈ ಸೇರುತ್ತಿರಲಿಲ್ಲ.

ಬಿಡುವಿನಲ್ಲಿ ಬ್ಯಾಂಟಿಂಗ್ ಚಿತ್ರ ಬರೆಯುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿಗೆ ಹೊರಟಿದ್ದ ಅವರ ವಿಮಾನ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಬಿದ್ದು 1941ರ ಫೆಬ್ರುವರಿ 21ರಂದು ತೀರಿಕೊಂಡರು. ಆಗ ಅವರಿಗೆ 49 ವರ್ಷ.

ಈಗ ಇನ್ಸುಲಿನ್ ತಯಾರಿಸಲು ಪ್ರಾಣಿಗಳ ಗ್ರಂಥಿ ಬೇಕಿಲ್ಲ. ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ಗಳಿಂದಲೇ ಅದನ್ನು ತಯಾರಿಸುತ್ತಾರೆ. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಆದರೂ ಜಗತ್ತಿನ ಎಷ್ಟೋ ಬಡ ಮಕ್ಕಳಿಗೆ ಇನ್ಸುಲಿನ್ ಬೇಕಾದಾಗ ಸಿಗುತ್ತಿಲ್ಲ. ಒಂದು ಡಾಲರಿಗೆ ಹಕ್ಕು ಬಿಟ್ಟುಕೊಟ್ಟವರ ಆಸೆ ಪೂರ್ತಿಯಾಗುವುದು ಇನ್ನೂ ಬಾಕಿ ಇದೆ.

ನಿಮ್ಮ ತರಗತಿಯಲ್ಲಿ ಇಂಥ ಗೆಳೆಯರಿದ್ದರೆ

• ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಸಕ್ಕರೆ ಬೇನೆ ಸಿಹಿ ತಿಂದಿದ್ದರಿಂದ ಬರುವುದಿಲ್ಲ. ದೇಹದ ರಕ್ಷಣಾ ಕೋಶಗಳೇ ತಪ್ಪಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುವುದರಿಂದ ಬರುತ್ತದೆ. ಇದು ಅಂಟುರೋಗವೂ ಅಲ್ಲ. ಜೊತೆಗೆ ಕೂತು ಉಣ್ಣಿ, ಆಡಿ.
• ಮೇಲಿಂದ ಮೇಲೆ ಮೂತ್ರ, ತಡೆಯಲಾರದ ಬಾಯಾರಿಕೆ, ಉಂಡರೂ ತೂಕ ಇಳಿಯುವುದು, ಸುಸ್ತು – ಇವು ಕಂಡರೆ ತಡಮಾಡದೆ ಮನೆಯವರಿಗೆ, ಗುರುಗಳಿಗೆ ಹೇಳಿ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು.
• ಇನ್ಸುಲಿನ್ ತೆಗೆದುಕೊಳ್ಳುವ ಗೆಳೆಯ ನಡುಗಿ ಬೆವರಿದರೆ ಆತನ ಸಕ್ಕರೆ ಇಳಿದಿರಬಹುದು. ಎಚ್ಚರವಾಗಿದ್ದು ನುಂಗಬಲ್ಲವನಾಗಿದ್ದರೆ ಕೂಡಲೇ ಸಕ್ಕರೆ ಕೊಟ್ಟು ಗುರುಗಳನ್ನು ಕರೆಯಿರಿ.
• ಇನ್ಸುಲಿನ್ ಒಂದು ಪ್ರೋಟೀನು. ನುಂಗಿದರೆ ಬೇಳೆಯಂತೆ ಅದೂ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಚುಚ್ಚಿಕೊಳ್ಳಬೇಕು. ಚುಚ್ಚಿಕೊಳ್ಳುವ ಗೆಳೆಯರನ್ನು ಅಣಕಿಸಬೇಡಿ.

ತಿಳಿದಿರಲಿ: ಇನ್ನಷ್ಟು ಹಾರ್ಮೋನುಗಳು

ಪಿಟ್ಯುಟರಿ: ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟಿದೆ. ಇದರ ಹಾರ್ಮೋನಿನಿಂದ ನೀವು ಎತ್ತರ ಬೆಳೆಯುತ್ತೀರಿ.
ಥೈರಾಯಿಡ್: ಕತ್ತಿನಲ್ಲಿದೆ. ಥೈರಾಕ್ಸಿನ್ ತಯಾರಿಸಲು ಇದಕ್ಕೆ ಅಯೋಡಿನ್ ಬೇಕು. ಬಿಸಿಯೂಟಕ್ಕೆ ಅಯೋಡಿನ್ ಉಪ್ಪು ಬಳಸುವುದು ಇದಕ್ಕಾಗಿಯೇ.
ಅಡ್ರಿನಲ್: ಮೂತ್ರಪಿಂಡಗಳ ಮೇಲಿದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಗುಟ್ಟುವುದು ಇದರ ಅಡ್ರಿನಲಿನ್‌ನಿಂದ.
ಗ್ಲುಕಗಾನ್: ಇದೂ ಮೇದೋಜೀರಕದ್ದೇ. ಹಸಿದಾಗ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ. ಇನ್ಸುಲಿನ್ ಇಳಿಸಿದರೆ ಇದು ಏರಿಸುತ್ತದೆ.

ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಆರೋಗ್ಯವಂತರು ಹಸಿದಿದ್ದಾಗ ಅಷ್ಟೂ ರಕ್ತದಲ್ಲಿ ಇರುವ ಸಕ್ಕರೆ ಎಷ್ಟು ಗೊತ್ತೇ? ಸುಮಾರು ಒಂದು ಚಹಾ ಚಮಚೆಯಷ್ಟು! ಅದನ್ನು ಹೆಚ್ಚೂಕಡಿಮೆ ಆಗದಂತೆ ಹಗಲಿರುಳು ಕಾಯುವುದು ಈ ಹಾರ್ಮೋನುಗಳ ಕೆಲಸ.